ಬರೆಯೋ ದಾರಿ ಹೇಗೆ ಸಿಕ್ಕಿತು ಅಂತ ಕೇಳುವವರಿಗೆ

ಶಿವಮೊಗ್ಗದ ಯಾವುದಾದರೂ ಕಾಲೇಜಿಗೆ ಹೋದರೆ, ಸಾಗರದ ಬಸ್ಸಿನಲ್ಲಿ ಪಕ್ಕ ಕೂತವರು ಗುರುತು ಹಿಡಿದರೆ, ಮದುವೆಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಕೂಡ, ನನಗೆ ಬರುವ ಪ್ರಶ್ನೆ ಒಂದೇ. ‘ನಿಮಗೆ ಈ ಬರೆಯೋ ದಾರಿ ಹೇಗೆ ಸಿಕ್ತು?’ ಕೇಳುವವರಲ್ಲಿ ತುಂಬ ಜನರ ಚೀಲದಲ್ಲೋ ಮೊಬೈಲಿನಲ್ಲೋ ಅರ್ಧ ಬರೆದದ್ದು ಏನೋ ಇರುತ್ತದೆ. ನನ್ನ ವಿಷಯ ಕೇಳುವ ನೆಪದಲ್ಲಿ ಅವರು ತಮ್ಮ ದಾರಿ ಕೇಳುತ್ತಿರುತ್ತಾರೆ. ಅದಕ್ಕೇ ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಎದ್ದು ಹೋಗೋಕೆ ನನಗೆ ಮನಸ್ಸಾಗುವುದಿಲ್ಲ. ಇಲ್ಲಿ ಪೂರ್ತಿ ಹೇಳುತ್ತೇನೆ.

ನನಗೆ ದಾರಿ ತೋರಿಸಿದ್ದು ಒಂದು ಹಸು ಮತ್ತು ಬಿಜಾಪುರದ ಒಂದು ವಠಾರ.

ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ಕಥೆ ಬರೆಯುತ್ತಿದ್ದೆ. ಎಲ್ಲ ಬೆಂಗಳೂರಿನ ಕಥೆ. ಲಿಫ್ಟು, ಬಾಲ್ಕನಿ, ಆಫೀಸಿನಿಂದ ತಡವಾಗಿ ಬರುವ ಗಂಡ. ಬೆಂಗಳೂರು ನೋಡಿದ್ದು ಎರಡು ಸಲ. ಕಥೆ ಅಂದರೆ ಅಲ್ಲೇ ನಡೆಯೋದು ಅಂತ ನಂಬಿದ್ದೆ. ಪತ್ರಿಕೆಗಳಿಗೆ ಕಳಿಸಿದ್ದು ಒಂದೊಂದಾಗಿ ವಾಪಸ್ ಬಂತು. ತುಂಬ ಅತ್ತಿದ್ದೇನೆ.

ಅದೇ ವರ್ಷ ಅಕ್ಕನಿಗೆ ಮದುವೆಯಾಗಿ ಬಿಜಾಪುರಕ್ಕೆ ಹೋದಳು. ಭಾವನಿಗೆ ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ನಮ್ಮನೆಯಲ್ಲಿ ಆಗ ಫೋನ್ ಇರಲಿಲ್ಲ. ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರೆಯುವ ಕೆಲಸ ನನ್ನದಾಯಿತು. ಅಡಿಕೆ ತೋಟಕ್ಕೆ ಕೊಳೆರೋಗ ಬಂದದ್ದು, ಎರಡನೇ ಸಲ ಔಷಧಿ ಹೊಡೆಯೋಕೆ ಮಳೆ ಬಿಡದೆ ಇದ್ದದ್ದು, ಅಮ್ಮ ಅಪ್ಪೆಮಿಡಿ ಜಾಡಿ ತೆಗೆದಾಗ ಅವಳ ನೆನಪಾಗಿದ್ದು, ಹೀಗೆ ಕೈಗೆ ಬಂದದ್ದೆಲ್ಲ. ಒಂದು ಸಲ ನಮ್ಮ ಗೌರಿ ಕಾಡಿಗೆ ಮೇಯಲು ಹೋಗಿ ಎರಡು ದಿನವಾದರೂ ಕೊಟ್ಟಿಗೆಗೆ ಬರಲಿಲ್ಲ. ಅಪ್ಪ ಟಾರ್ಚು ಹಿಡಿದು ಹಳ್ಳದವರೆಗೆ ಹೋಗಿದ್ದು, ಕರು ರಾತ್ರಿಯಿಡೀ ಕೂಗಿದ್ದು ಎಲ್ಲ ಬರೆದೆ. ಅಷ್ಟರಲ್ಲಿ ಕಾಗದದ ಜಾಗ ಮುಗಿಯಿತು. ಅಂಟಿಸಿ ಹಾಕಿಬಿಟ್ಟೆ.

ಅಕ್ಕನಿಂದ ಒಂದು ಕಾರ್ಡು ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ. ‘ಗೌರಿ ಬಂತಾ ಇಲ್ವಾ? ಇಡೀ ವಠಾರ ಕಾಯ್ತಾ ಇದೆ. ಆಮೇಲೆ ಏನಾಯ್ತು ಮಾರಾಯ್ತಿ?’

ಆಗ ಗೊತ್ತಾಯಿತು, ಅಕ್ಕ ನನ್ನ ಕಾಗದಗಳನ್ನು ಮಧ್ಯಾಹ್ನ ಅಕ್ಕಪಕ್ಕದ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅವರಲ್ಲಿ ಯಾರೂ ಅಡಿಕೆ ತೋಟ ಕಂಡವರಲ್ಲ. ಮುಂದಿನ ಕಾಗದಗಳಲ್ಲಿ ಅವರ ಪ್ರಶ್ನೆಗಳೂ ಬರತೊಡಗಿದವು. ಒಬ್ಬ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಮೂರು ತಿಂಗಳ ಮಳಿ ಅಂದ್ರ ಅರಿವಿ ಹೆಂಗ ಒಣಗಸ್ತಾರ ಕೇಳು.’ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ, ಅದರ ಮೇಲೆ ಬಟ್ಟೆ ಹರವಿ, ಹೊಗೆ ವಾಸನೆಯ ಲಂಗ ಹಾಕಿಕೊಂಡೇ ನಾವೆಲ್ಲ ಶಾಲೆಗೆ ಹೋಗುತ್ತಿದ್ದದ್ದು ನನಗೆ ಹೇಳುವಂಥ ಸಂಗತಿ ಅಂತ ಅಲ್ಲಿಯವರೆಗೆ ಅನ್ನಿಸಿಯೇ ಇರಲಿಲ್ಲ. ಆ ಅಜ್ಜಿಗೆ ಬರೆಯುತ್ತಾ ಬರೆಯುತ್ತಾ ನಾನು ನಮ್ಮ ಮನೆಯನ್ನು ಮೊದಲ ಸಲ ನೋಡಿದೆ. ನಾಲ್ಕು ತಿಂಗಳ ನಂತರ ಬರೆದ ಕಥೆ ಅಚ್ಚಾಯಿತು. ಅದರಲ್ಲಿ ಲಿಫ್ಟು ಇರಲಿಲ್ಲ.

ಹಾಗಾಗಿ ನನ್ನ ಉತ್ತರ ಇದು. ‘ಏನು ಬರೆಯಲಿ’ ಅಂತ ಹುಡುಕುವ ಮೊದಲು ‘ಯಾರಿಗೆ ಹೇಳಲಿ’ ಅಂತ ಹುಡುಕಿ. ಕೇಳುವ ಒಬ್ಬರು ಸಿಕ್ಕರೆ ದಾರಿ ಕಾಣುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ನಮ್ಮ ತೀರ್ಥಹಳ್ಳಿ ಸೀಮೆಯಲ್ಲೇ ಎಷ್ಟು ಉದಾಹರಣೆ ಇವೆ ನೋಡಿ. ಕುಪ್ಪಳಿಯ ಹುಡುಗ ಪುಟ್ಟಪ್ಪ ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. 1922ರಲ್ಲಿ ಅವರ ಇಂಗ್ಲಿಷ್ ಪುಸ್ತಕವೇ ಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆ ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಬಾರದೇ ಅಂತ ಕಸಿನ್ಸ್ ಹೇಳಿದರು. ಪುಟ್ಟಪ್ಪನವರು ಕುವೆಂಪು ಆದದ್ದರ ಹಿಂದೆ ಈ ಮಾತೂ ಇದೆ. ಇದನ್ನು ಎಲ್ಲರೂ ಭಾಷೆಯ ಬದಲಾವಣೆ ಅಂತ ಹೇಳುತ್ತಾರೆ. ನನಗೆ ಕಾಣುವುದು ಕೇಳುಗರ ಬದಲಾವಣೆ. ಭಾಷೆ ಬದಲಿಸಿದ ದಿನ ಅವರ ಮುಂದೆ ಬೇರೆ ಜನ ಬಂದು ಕೂತರು, ಮಲೆಯ ಜನ, ಗದ್ದೆಯಿಂದ ಬಂದು ಕೈಕಾಲು ತೊಳೆದ ಜನ.

ಅನಂತಮೂರ್ತಿಯವರದ್ದು ಇನ್ನೂ ವಿಚಿತ್ರ. ಮೇಳಿಗೆಯಲ್ಲಿ ಹುಟ್ಟಿದವರು. ‘ಸಂಸ್ಕಾರ’ ಕಾದಂಬರಿ ಬರೆದದ್ದು ಮಾತ್ರ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಿಎಚ್.ಡಿ. ಮಾಡುವಾಗ. ಗುರುಗಳಾದ ಮಾಲ್ಕಮ್ ಬ್ರಾಡ್ಬರಿ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿ ಬರುತ್ತಾ, ನಿಮಗೆ ಓದಿ ತಿಳಿಯಬೇಕಾದ ಹಳೆಯ ಕಾಲ ನಮ್ಮೂರಲ್ಲಿ ಇನ್ನೂ ಬದುಕಿದೆ ಅನ್ನೋ ಅರ್ಥದ ಮಾತಾಡಿದರು. ಅದನ್ನೇ ಬರೆಯಿರಿ ಅಂದರಂತೆ ಬ್ರಾಡ್ಬರಿ. ಪುಸ್ತಕ 1965ರಲ್ಲಿ ಬಂತು. ನನಗೆ ಇದು ಬಿಜಾಪುರದ ಅಜ್ಜಿಯ ಪ್ರಶ್ನೆಯ ಹಾಗೇ ಕಾಣುತ್ತದೆ. ನಮ್ಮೂರು ಗೊತ್ತಿಲ್ಲದ ಒಬ್ಬರು ಕುತೂಹಲದಿಂದ ಕೇಳಬೇಕು.

ಆದರೆ ನನಗೆ ಎಲ್ಲರಿಗಿಂತ ಹತ್ತಿರದವರು ಎಂ.ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದರು. ಶಾಲೆ ಕಲಿತದ್ದು ಏಳೇ ವರ್ಷ, ಮದುವೆಯಾಗಿದ್ದು ಹನ್ನೆರಡಕ್ಕೆ. ಕಾದಂಬರಿ ಬರೆಯಲು ಶುರು ಮಾಡಿದಾಗ ವಯಸ್ಸು 45ರ ಹತ್ತಿರ. ‘ನನಗೆ ವಯಸ್ಸಾಯ್ತು, ಇನ್ನೇನು ಬರೆಯೋದು’ ಅನ್ನುವ ಹೆಂಗಸರಿಗೆ ಈ ಲೆಕ್ಕ ನಾನು ಯಾವಾಗಲೂ ಹೇಳುತ್ತೇನೆ. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಆ ಕಥೆ ಬಂದ ದಾರಿ ಕೇಳಿ. ಚಿಕ್ಕಂದಿನಲ್ಲೇ ವಿಧವೆಯಾದ ಒಬ್ಬರು ತಮ್ಮ ಬದುಕನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದರು. ಅಲ್ಲಿಂದ ಅದು ಇಂದಿರಾ ಅವರಿಗೆ ಬಂತು. ಯಾವುದೋ ಅಡುಗೆಮನೆಯ ಮೂಲೆಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳಿದ ಮಾತು ಎಷ್ಟೋ ವರ್ಷ ಯಾರದೋ ಕಿವಿಯಲ್ಲಿ ಉಳಿದುಕೊಂಡಿತ್ತಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರೂ ಹೀಗೇ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ, ಶರಾವತಿ ಯೋಜನೆಯ ಕೆಲಸ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ, ಗದ್ದೆ ಬಿಟ್ಟು ಹೋದ ಜನರನ್ನು ಹತ್ತಿರದಿಂದ ಕಂಡವರು. ಅದನ್ನು ಮತ್ತೆ ಮತ್ತೆ ಬರೆದರು.

ಕೇಳುವವರೇ ಇಲ್ಲದಿದ್ದರೆ? ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಕೇಳುವವರನ್ನೇ ಬೆಳೆಸಿದರು. 1949ರಲ್ಲಿ ಅಡಿಕೆ ಬೆಳೆಗಾರರ ಒಂದು ಹಳ್ಳಿಯಲ್ಲಿ ನೀನಾಸಂ ಅನ್ನೋ ನಾಟಕ ಸಂಘ ಹುಟ್ಟಿತು. ಆ ಪುಟ್ಟ ಊರಿನ ಜನ ಶೇಕ್ಸ್‌ಪಿಯರ್ ನಾಟಕ ನೋಡಿ, ಚೆನ್ನಾಗಿಲ್ಲದಿದ್ದರೆ ಮುಖದ ಮೇಲೆ ಹೇಳುವಷ್ಟು ತಯಾರಾದರು. ಅಲ್ಲಿ ಕಲಿತ ಎಷ್ಟೋ ಹುಡುಗ ಹುಡುಗಿಯರು ಇವತ್ತು ಊರೂರಲ್ಲಿ ನಾಟಕ ಮಾಡಿಸುತ್ತಿದ್ದಾರೆ.

ಇನ್ನು ಕೇಳುಗರನ್ನು ಗಮನಿಸೋದು ಹೇಗೆ ಅನ್ನೋದನ್ನು ನಾನು ಕಲಿತದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯೋದು ಶುರುವಾದರೆ ಸಂಜೆಯಾಗುತ್ತಲೇ ಸುತ್ತಲಿನವರೆಲ್ಲ ಸುಲಿಯಲು ಬರುತ್ತಿದ್ದರು. ಅಡಿಕೆ ಸುಲಿಯುವ ಇಪ್ಪತ್ತು ಮೆಟ್ಟುಗತ್ತಿ, ಮಧ್ಯದಲ್ಲಿ ದೀಪ, ಪಕ್ಕದಲ್ಲಿ ಏರುವ ಸಿಪ್ಪೆ ರಾಶಿ. ಕೂಲಿ ಡಬ್ಬದ ಲೆಕ್ಕ. ಅಲ್ಲಿ ಒಬ್ಬರು ಅಜ್ಜಮ್ಮ ಕಥೆ ಹೇಳುತ್ತಿದ್ದರು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದರು, ಕತ್ತಿಯ ಸದ್ದು ಕೇಳುತ್ತಿದ್ದರು. ಕಥೆ ಜಾಸ್ತಿ ಹಿಡಿದುಕೊಂಡರೆ ಎಲ್ಲರ ಕೈ ನಿಲ್ಲುತ್ತದೆ, ಕೂಲಿ ಹೋಗುತ್ತದೆ. ಸಪ್ಪೆಯಾದರೆ ತೂಕಡಿಕೆ ಬಂದು ಬೆರಳು ಕತ್ತಿಗೆ ಸಿಗುತ್ತದೆ. ಸದ್ದು ತೆಳುವಾದ ಕೂಡಲೇ ಅವರು ರಾಜಕುಮಾರನನ್ನು ಕಾಡಿನ ಮಧ್ಯೆ ಬಿಟ್ಟು, ‘ಬೆಲ್ಲ ನೀರು ಯಾರಿಗಾದರೂ ಬೇಕೇನ್ರೇ’ ಅಂತ ಕೇಳುತ್ತಿದ್ದರು. ಟಕ್ ಟಕ್ ಅಂತ ಕೈ ಮತ್ತೆ ಓಡುತ್ತಿತ್ತು. ಆಮೇಲೆ ರಾಜಕುಮಾರ. ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಇಷ್ಟು ಚೆನ್ನಾಗಿ ನನಗೆ ಇನ್ಯಾರೂ ಕಲಿಸಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಕೇಳಿದಾಗಲೂ ಇದೇ ಕಂಡಿದ್ದೇನೆ. ಕುಮಾರವ್ಯಾಸನ ಪದ್ಯವನ್ನು ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಹೇಳುವವರ ಕಣ್ಣು ಕೂತ ಜನರ ಮೇಲೇ ಇರುತ್ತದೆ.

‘ನಾನು ನನಗೋಸ್ಕರ ಬರೀತೀನಿ, ಯಾರೂ ಓದದಿದ್ದರೂ ಪರವಾಗಿಲ್ಲ’ ಅನ್ನುವವರಿದ್ದಾರೆ. ಡೈರಿಗೆ ಅದು ಸರಿ. ಕಥೆಗೆ ಸಾಲದು ಅಂತ ನನ್ನ ಅಭಿಪ್ರಾಯ. ಹಾಗಂತ ಮೊಬೈಲಿನಲ್ಲಿ ಬೀಳುವ ಲೈಕುಗಳನ್ನು ಕೇಳುಗರು ಅಂತ ಎಣಿಸಬೇಡಿ. ಸುಮ್ನೆ ‘ಸೂಪರ್’ ಅನ್ನುವ ಗೆಳೆಯರೂ ಇದಕ್ಕೆ ಆಗುವುದಿಲ್ಲ. ನಿಮ್ಮನ್ನು ಅರ್ಧದಲ್ಲಿ ತಡೆದು ‘ಅದು ಹೇಗೆ?’ ಅನ್ನುವ ಒಬ್ಬರು ಬೇಕು. ಅತ್ತಿಗೆಯೋ, ಹಳೆಯ ಮೇಷ್ಟರೋ, ಪಕ್ಕದ ಮನೆಯ ಹುಡುಗನೋ. ಬರೆಯುವ ಮೊದಲು ಅವರಿಗೆ ಬಾಯಲ್ಲಿ ಹೇಳಿ ನೋಡಿ. ಅವರು ತಡೆದ ಜಾಗವನ್ನು ಗುರುತು ಮಾಡಿಕೊಳ್ಳಿ. ಬರೆಯೋದಕ್ಕೆ ಇರುವುದು ಅಲ್ಲೇ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಹುಡುಗಿ ಇದೇ ಪ್ರಶ್ನೆ ಕೇಳಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ‘ನಿಮ್ಮನೆಯಲ್ಲಿ ಯಾರ ಬಗ್ಗೆ ಬರೀಬೇಕು ಅಂತ ಇದೆ? ನನಗೆ ಹೇಳು’ ಅಂದೆ. ಸ್ವಲ್ಪ ಹೊತ್ತು ಕೊಡೆಯ ನೀರು ಕೊಡವುತ್ತಾ ನಿಂತಳು. ಆಮೇಲೆ ಶುರು ಮಾಡಿದಳು. ಅವಳ ಅಪ್ಪ ಕೊನೆಗಾರ. ಮೂವತ್ತು ವರ್ಷ ಅಡಿಕೆ ಮರ ಹತ್ತಿದವರು. ನೆಲಕ್ಕಿಳಿಯದೆ ಒಂದು ಮರವನ್ನು ಬಗ್ಗಿಸಿ ಇನ್ನೊಂದಕ್ಕೆ ದಾಟಿಕೊಳ್ಳುತ್ತಾ ಇಡೀ ಸಾಲು ಮುಗಿಸುತ್ತಿದ್ದರಂತೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ, ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು. ‘ಒಳ್ಳೇದೇ ಮೇಡಂ, ಬೀಳೋ ಭಯ ಇಲ್ಲ. ಆದ್ರೆ ಅಪ್ಪ ಮೊದಲ ದಿನ ದೋಟಿ ಹಿಡಿದು ಬಂದವರು ಊಟ ಮಾಡ್ಲಿಲ್ಲ. ರಾತ್ರಿ ಎದ್ದು ಒಬ್ಬರೇ ತೋಟದ ಕಡೆ ಹೋದ್ರು. ನಾನೂ ಹಿಂದೆ ಹೋದೆ. ಬೆಳದಿಂಗಳಿತ್ತು. ಅಪ್ಪ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು…’

ಬಸ್ ಬಂತು. ಅವಳು ಓಡಿ ಹತ್ತಿಕೊಂಡಳು. ನಾನು ಕಿಟಕಿಯ ಪಕ್ಕ ಮಳೆಯಲ್ಲೇ ನಾಲ್ಕು ಹೆಜ್ಜೆ ಓಡಿ, ‘ಆಮೇಲೆ ಏನಾಯ್ತು ಮಾರಾಯ್ತಿ?’ ಅಂತ ಕೂಗಿದೆ. ಅವಳು ಏನೋ ಹೇಳಿದಳು, ಕೇಳಿಸಲಿಲ್ಲ. ಬರೆದು ಕಳಿಸು ಅಂತ ಕೈಯಲ್ಲೇ ಸನ್ನೆ ಮಾಡಿದ್ದೇನೆ.