ಮಸಾಲೆ ಸೀಸನ್‌ನಲ್ಲಿ ಮೂಗಿನ ಮಾತು ಕೇಳಬೇಡಿ

ಮನೆಯಿಂದಲೇ ಆರ್ಡರ್ ತಗೊಂಡು ಬೇಕ್ ಮಾಡುವುದು ನನ್ನ ಕೆಲಸ. ಉಳಿದ ತಿಂಗಳೆಲ್ಲ ವೆನಿಲ್ಲಾ, ಚಾಕೊಲೇಟ್ ಅಂತ ಸಾಗುತ್ತದೆ. ಚಳಿಗಾಲ ಬಂತೆಂದರೆ ಎಲ್ಲರಿಗೂ ಜಿಂಜರ್‌ಬ್ರೆಡ್, ಸಿನಮನ್ ರೋಲ್, ಸೇಬಿನ ಕೇಕ್ ಬೇಕು. ಚಕ್ಕೆ, ಒಣಶುಂಠಿ, ಲವಂಗ, ಜಾಯಿಕಾಯಿ ಡಬ್ಬಿಗಳು ಕಪಾಟಿನಿಂದ ಇಳಿದು ಕಟ್ಟೆಯ ಮೇಲೇ ಬೀಡುಬಿಡುತ್ತವೆ. ಒಳಗೆ ಬಂದವರೆಲ್ಲ "ಅಬ್ಬಾ, ಏನು ಘಮ!" ಅನ್ನುತ್ತಾರೆ. ನಮಗೆ ಮಾತ್ರ ಆ ಘಮ ಗೊತ್ತೇ ಆಗುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ.

ಮೂಗಿನ ಸ್ವಭಾವವೇ ಹಾಗೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹೊಸ ವಾಸನೆಗೆ ಮಾತ್ರ ಎಚ್ಚರ. ಇದರಿಂದ ಅಡುಗೆಮನೆಯಲ್ಲಿ ಏನಾಗುತ್ತದೆ ನೋಡಿ. ಬೆಳಿಗ್ಗೆ ಹಿಟ್ಟು ಕಲಸುವಾಗ ನನ್ನ ಜೊತೆ ಕೆಲಸ ಮಾಡುವ ಹುಡುಗಿ "ಅಕ್ಕಾ, ಚಕ್ಕೆ ಜೋರಾಗಿದೆ ಅಲ್ವಾ?" ಅನ್ನುತ್ತಾಳೆ. ಮಧ್ಯಾಹ್ನ ಅದೇ ಅಳತೆಯ ಹಿಟ್ಟನ್ನು ಮೂಸಿ "ಸಾಲದೇನೋ ಅಕ್ಕಾ, ಇನ್ನೊಂದು ಚಮಚ ಹಾಕ್ಲಾ?" ಅಂತ ಕೇಳುವವಳೂ ಅವಳೇ. ಹಿಟ್ಟು ಬದಲಾಗಿಲ್ಲ, ಮೂಗು ಸುಸ್ತಾಗಿದೆ ಅಷ್ಟೇ. ಕಾಫಿ ಬೀಜ ಮೂಸಿದರೆ ಮೂಗು ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಬರೀ ಗಾಳಿಗಿಂತ ಅದರಿಂದ ಹೆಚ್ಚಿನ ಲಾಭವೇನೂ ಇಲ್ಲ. ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುವುದೇ ವಾಸಿ. ಆದರೆ ಓವನ್ ಉರಿಯುತ್ತಿರುವಾಗ ಅಷ್ಟು ಪುರುಸೊತ್ತು ಯಾರಿಗಿದೆ?

ಹಾಗಾಗಿ ನಮ್ಮಲ್ಲಿ ಮಸಾಲೆಯ ತೀರ್ಮಾನ ತಕ್ಕಡಿಯದು. ನನ್ನ ಲೆಕ್ಕ ಹೀಗೆ: 1 ಕೆಜಿ ಮೈದಾಗೆ ಚಕ್ಕೆ 10 ಗ್ರಾಂ, ಒಣಶುಂಠಿ 5 ಗ್ರಾಂ, ಜಾಯಿಕಾಯಿ 2 ಗ್ರಾಂ, ಲವಂಗ 1 ಗ್ರಾಂ. ಚಮಚದಲ್ಲಿ ಅಳೆದರೆ ಇದು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ ಚಕ್ಕೆ ಪುಡಿ ಸುಮಾರು 2.6 ಗ್ರಾಂ ತೂಗುತ್ತದೆ. ಅದೇ ಚಮಚವನ್ನು ಗೋಪುರದ ಹಾಗೆ ತುಂಬಿದರೆ ಹೆಚ್ಚುಕಮ್ಮಿ ದುಪ್ಪಟ್ಟು. ಅವಸರದಲ್ಲಿ ಯಾರೂ ಚಮಚವನ್ನು ಮಟ್ಟ ಮಾಡುವುದಿಲ್ಲ. ಅಡುಗೆಮನೆಯ ಮಾಮೂಲಿ ತಕ್ಕಡಿಯೂ ಇಲ್ಲಿ ಸಾಲದು. ಅದು ಗ್ರಾಂ ಲೆಕ್ಕದಲ್ಲಿ ಮಾತ್ರ ತೋರಿಸುತ್ತದೆ. ನಮಗೆ ಬೇಕಾದ ಲವಂಗವೇ 1 ಗ್ರಾಂ! 0.1 ಗ್ರಾಂ ತೋರಿಸುವ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬೇಕು. ಮಸಾಲೆ ಬೇಕಿಂಗ್ ಶುರು ಮಾಡುವವರು ಯಾರಾದರೂ ಮೊದಲು ಏನು ಕೊಳ್ಳಲಿ ಅಂತ ಕೇಳಿದರೆ ನಾನು ಮಿಕ್ಸರ್ ಅನ್ನುವುದಿಲ್ಲ, ಈ ತಕ್ಕಡಿ ಅನ್ನುತ್ತೇನೆ.

ಇಡೀ ದಿನಕ್ಕೆ ಬೇಕಾದ ಮಸಾಲೆಯನ್ನು ಬೆಳಿಗ್ಗೆಯೇ ತೂಗಿ, ಒಂದೊಂದು ಕಲಸಿಗೆ ಒಂದೊಂದು ಪುಟ್ಟ ಡಬ್ಬಿ ಮಾಡಿ ಮುಚ್ಚಿಡುತ್ತೇವೆ. ಆಮೇಲೆ ದೊಡ್ಡ ಡಬ್ಬಿಗಳು ಮತ್ತೆ ಕಪಾಟಿಗೆ. ಕಣ್ಣಿಗೆ ಕಾಣದಿದ್ದರೆ ಕೈಯೂ ಸುಮ್ಮನಿರುತ್ತದೆ.

ಮೂಗು ಬೇಡ, ನಾಲಿಗೆಯಲ್ಲಿ ನೋಡೋಣ ಅಂದರೆ ಅದೂ ಕಷ್ಟವೇ. ಲವಂಗದಲ್ಲಿ ಯೂಜಿನಾಲ್ ಇರುತ್ತದೆ. ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುವುದು ಅದಕ್ಕೇ, ಮರಗಟ್ಟಿಸುತ್ತದೆ. ಲವಂಗ ಹಾಕಿದ್ದನ್ನು ಒಂದಾದ ಮೇಲೊಂದು ರುಚಿ ನೋಡುತ್ತಾ ಹೋದರೆ ನಾಲಿಗೆ ಮಂಕಾಗುತ್ತದೆ. ನಾಲ್ಕನೆಯದು ಸಪ್ಪೆ ಅನ್ನಿಸಿದರೆ ತಪ್ಪು ಅದರದ್ದಲ್ಲ. ಒಣಶುಂಠಿಯ ಆಟ ಇದಕ್ಕೆ ಉಲ್ಟಾ. ಶುಂಠಿ ಒಣಗುವಾಗ ಅದರಲ್ಲಿರುವ ಜಿಂಜರಾಲ್ ಎಂಬ ಖಾರದ ಅಂಶ ಸ್ವಲ್ಪ ಸ್ವಲ್ಪವಾಗಿ ಶೋಗಾಲ್ ಆಗುತ್ತದೆ. ಅದರ ಖಾರ ಇನ್ನೂ ಜಾಸ್ತಿ. ಆ ಖಾರ ಮೊದಲ ಚೂರಿಗೆ ಪೂರ್ತಿ ಗೊತ್ತಾಗುವುದಿಲ್ಲ, ತಿನ್ನುತ್ತಾ ತಿನ್ನುತ್ತಾ ಏರುತ್ತದೆ. ಚೂರು ಮುರಿದು ಬಾಯಿಗೆ ಹಾಕಿಕೊಂಡು "ಶುಂಠಿ ಕಮ್ಮಿ" ಅನ್ನುವವರಿಗೆ ಇಡೀ ಬಿಸ್ಕೆಟ್ ತಿನ್ನಿಸಿ ಕೇಳಬೇಕು.

ಹಸಿ ಹಿಟ್ಟನ್ನಂತೂ ನಾಲಿಗೆಗೆ ಹಚ್ಚಲೇಬೇಡಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಬೇಯದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅನುಮಾನ ಇದ್ದರೆ ಒಂದೇ ಒಂದು ಬಿಸ್ಕೆಟ್ ಬೇಯಿಸಿ ನೋಡಿ.

ಅದಾದರೂ ಬಿಸಿಯಲ್ಲಿ ಬೇಡ. ಮನೆ ತುಂಬಾ ಘಮ ಹರಡಿದರೆ ಒಳ್ಳೆಯ ಕೇಕ್ ಆಗಿದೆ ಅಂತ ಜನ ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅದು ಕೇಕ್‌ನಿಂದ ಹೊರಗೆ ಹೋದ ಘಮ, ತಿನ್ನುವವರಿಗೆ ಸಿಗದ ಘಮ. ಎಲ್ಲ ಮಸಾಲೆಯೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಚಕ್ಕೆಯ ಮುಖ್ಯ ಘಮ ಸಿನಮಾಲ್ಡಿಹೈಡ್, ಅದು ಕುದಿಯುವುದು ಸುಮಾರು 248 ಡಿಗ್ರಿಯಲ್ಲಿ. ಲವಂಗದ ಯೂಜಿನಾಲ್ 254ರಲ್ಲಿ. ಏಲಕ್ಕಿಯಲ್ಲಿ ಜಾಸ್ತಿ ಇರುವ ಸಿನಿಯೋಲ್‌ಗೆ 176 ಸಾಕು. ಕುದಿಯುವ ಬಿಂದು ಮುಟ್ಟದಿದ್ದರೂ ಹಗುರವಾದದ್ದು ಹಬೆಯ ಜೊತೆ ಬೇಗ ಹೊರಟುಹೋಗುತ್ತದೆ. ಅದಕ್ಕೇ ಏಲಕ್ಕಿಯನ್ನು ನಾನು ಕಲಸುವ ಸ್ವಲ್ಪ ಮುಂಚೆ ಕುಟ್ಟುತ್ತೇನೆ, ಪುಡಿ ಮಾಡಿ ಇಡುವುದಿಲ್ಲ. ಚಕ್ಕೆ, ಲವಂಗದ ಪುಡಿಯನ್ನು ಕರಗಿಸಿದ ಬೆಚ್ಚನೆಯ ಬೆಣ್ಣೆಯಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಡುತ್ತೇನೆ. ಇವುಗಳ ಘಮ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಬೆರೆಯುತ್ತದೆ. ಅದೇ ತೂಕದ ಮಸಾಲೆಯಿಂದ ಜಾಸ್ತಿ ರುಚಿ ಬರುತ್ತದೆ. ಚಕ್ಕೆ ಪುಡಿಯನ್ನು ನೇರವಾಗಿ ಹಾಲಿಗೆ ಸುರಿದು ನೋಡಿ, ಕರಗದೆ ಮೇಲೇ ತೇಲುತ್ತದೆ.

ತಕ್ಕಡಿಗೂ ಒಂದು ಮಿತಿ ಇದೆ. ಅದಕ್ಕೆ ತೂಕ ಗೊತ್ತು, ಪುಡಿಯ ವಯಸ್ಸು ಗೊತ್ತಿಲ್ಲ. ಹೋದ ವರ್ಷ ಉಳಿದ ಚಕ್ಕೆ ಪುಡಿಯ 10 ಗ್ರಾಂ, ಮೊನ್ನೆ ಪುಡಿ ಮಾಡಿದ್ದರ 10 ಗ್ರಾಂ ಎರಡೂ ಒಂದೇ ಅಲ್ಲ. ಇಡಿಯಾಗಿದ್ದರೆ ಮಸಾಲೆ ವರ್ಷಗಟ್ಟಲೆ ತಡೆಯುತ್ತದೆ, ಪುಡಿಯಾದ ಮೇಲೆ ಕೆಲವೇ ತಿಂಗಳಲ್ಲಿ ಸೊರಗುತ್ತದೆ. ಓವನ್ ಪಕ್ಕದ ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ. ಸೀಸನ್ ಶುರುವಾಗುವ ಮುಂಚೆ ಹಳೆಯ ಪುಡಿ ಎಲ್ಲ ಖಾಲಿ ಮಾಡಿ, ಹೊಸದಕ್ಕೆ ಡಬ್ಬಿಯ ಮೇಲೆ ತಾರೀಕು ಬರೆಯುತ್ತೇನೆ. ಜಾಯಿಕಾಯಿಯನ್ನು ಮಾತ್ರ ಯಾವಾಗಲೂ ಆಗಿಂದಾಗ ತುರಿಯುವುದು. ತುರಿದು ಇಟ್ಟ ಜಾಯಿಕಾಯಿ ಬೇಗ ಮರದ ಪುಡಿಯಾಗಿಬಿಡುತ್ತದೆ.

ಈಸ್ಟ್ ಹಾಕುವ ಹಿಟ್ಟಿನಲ್ಲಿ ಸಂಗತಿಯೇ ಬೇರೆ. ಅಲ್ಲಿ ಮೂಗಿನ ಮಾತು ಕೇಳಿ ಒಂದು ಚಮಚ ಜಾಸ್ತಿ ಹಾಕಿದರೆ ಕೆಡುವುದು ರುಚಿಯಷ್ಟೇ ಅಲ್ಲ. ಸಿನಮಾಲ್ಡಿಹೈಡ್ ಈಸ್ಟ್‌ಗೆ ಆಗದ ವಸ್ತು. ನಾದುವಾಗಲೇ ಚಕ್ಕೆ ಜಾಸ್ತಿಯಾದರೆ ಹಿಟ್ಟು ಉಬ್ಬಲು ಹಟ ಮಾಡುತ್ತದೆ. ಸಿನಮನ್ ರೋಲ್‌ನಲ್ಲಿ ಚಕ್ಕೆಯನ್ನು ಹಿಟ್ಟಿಗೆ ಬೆರೆಸದೆ ಒಳಗೆ ಸವರುವ ಬೆಣ್ಣೆ, ಸಕ್ಕರೆಗೆ ಹಾಕುವುದರಿಂದ ಈ ತೊಂದರೆ ತಪ್ಪುತ್ತದೆ. ಅಲ್ಲಿ ಧಾರಾಳವಾಗಿ ಹಾಕಿದರೂ ಉಬ್ಬುವುದಕ್ಕೆ ಅಷ್ಟಾಗಿ ಅಡ್ಡಿಯಿಲ್ಲ. ಇನ್ನೊಂದು ಮಾತು. ಸವರುವ ಬೆಣ್ಣೆ ಮೆತ್ತಗಿರಲಿ, ಕರಗಿರಬಾರದು. ಸಕ್ಕರೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿ. ಇಲ್ಲದಿದ್ದರೆ ಬೆಣ್ಣೆ, ಸಕ್ಕರೆ ಕರಗಿ ನಿಮ್ಮ ಚಕ್ಕೆಯೆಲ್ಲ ಟ್ರೇ ತಳ ಸೇರುತ್ತದೆ.

ರುಚಿ ನೋಡಲೇಬೇಕಲ್ಲ, ಯಾವಾಗ ನೋಡುವುದು? ಮಾರನೆಯ ದಿನ ಬೆಳಿಗ್ಗೆ, ಓವನ್ ಹಚ್ಚುವ ಮುಂಚೆ, ಕಾಫಿಗೂ ಮುಂಚೆ. ಆ ಹೊತ್ತಿಗೆ ಮೂಗು ಹೊಸದಾಗಿರುತ್ತದೆ, ಬಿಸ್ಕೆಟ್ ಪೂರ್ತಿ ಆರಿರುತ್ತದೆ. ಜಿಂಜರ್‌ಬ್ರೆಡ್‌ನ ನಿಜವಾದ ರುಚಿ ತಿಳಿಯುವುದೂ ಆಗಲೇ. ಮೊದಲ ದಿನ ಲವಂಗ ಒಂದು ಕಡೆ, ಶುಂಠಿ ಒಂದು ಕಡೆ ಎಳೆಯುತ್ತಿರುತ್ತವೆ. ಒಂದೆರಡು ದಿನ ಡಬ್ಬಿಯಲ್ಲಿ ಕೂತರೆ ಎಲ್ಲ ಹೊಂದಿಕೊಳ್ಳುತ್ತವೆ. ಆದ್ದರಿಂದ ಆರ್ಡರ್ ಕೊಡುವ ಹಿಂದಿನ ದಿನವೇ ಬೇಯಿಸಿಟ್ಟರೆ ಕೆಲಸವೂ ಹಗುರ, ರುಚಿಯೂ ಮೇಲು. ನಮ್ಮ ಜೊತೆಗೆ ಅಡುಗೆಮನೆಗೆ ಕಾಲಿಡದ ಒಬ್ಬರಿಗೂ ಕೊಟ್ಟು ಕೇಳುತ್ತೇನೆ. "ಚೆನ್ನಾಗಿದೆಯಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಯಾವ ಮಸಾಲೆ ಮೊದಲು ಗೊತ್ತಾಯಿತು?" ಅಂತ ಕೇಳಬೇಕು. ಲವಂಗ ಅಂದರೆ ಮುಂದಿನ ಕಲಸಿಗೆ ಲವಂಗವನ್ನು ಮಾತ್ರ ಸ್ವಲ್ಪ ಇಳಿಸುತ್ತೇನೆ. ಒಂದು ಸಲಕ್ಕೆ ಒಂದೇ ಮಸಾಲೆ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

"ಚಕ್ಕೆ ಜಾಸ್ತಿ ಇರಲಿ" ಅಂತ ಹೇಳಿ ಆರ್ಡರ್ ಕೊಡುವವರೂ ಇದ್ದಾರೆ. ಅವರಿಗೂ ಹಿಟ್ಟಿನ ಅಳತೆ ಬದಲಾಗುವುದಿಲ್ಲ. ಬೆಂದು ಆರಿದ ಮೇಲೆ ಸಕ್ಕರೆ, ಚಕ್ಕೆ ಪುಡಿ ಬೆರೆಸಿ ತೆಳುವಾಗಿ ಉದುರಿಸುತ್ತೇನೆ. ಮೇಲಿರುವುದು ಬಾಯಿಗೆ ಮೊದಲು ತಗಲುತ್ತದೆ, ಸ್ವಲ್ಪವೇ ಇದ್ದರೂ ಜಾಸ್ತಿ ಅನ್ನಿಸುತ್ತದೆ. ಹಿಟ್ಟಿಗೆ ಚಕ್ಕೆ ಜಾಸ್ತಿ ಹಾಕದಿರುವುದಕ್ಕೆ ರುಚಿಯಷ್ಟೇ ಕಾರಣವಲ್ಲ. ದಪ್ಪ ತೊಗಟೆಯ ಕ್ಯಾಸಿಯಾ ಚಕ್ಕೆಯಲ್ಲಿ ಕೌಮರಿನ್ ಇರುತ್ತದೆ. ಅದು ಅತಿಯಾದರೆ ಕೆಲವರ ಲಿವರ್‌ಗೆ ತೊಂದರೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಲೇಬಲ್ ಮೇಲೆ ಚಕ್ಕೆ ಎಂದು ಹೇಳಿಕೊಳ್ಳುವ ಸಾಂಪ್ರದಾಯಿಕ ಅಥವಾ ಹಬ್ಬದ ಕಾಲದ ಬೇಕರಿ ತಿಂಡಿಗೆ ಒಂದು ಕೆಜಿಗೆ 50 ಮಿಲಿಗ್ರಾಂ ಕೌಮರಿನ್ ಮಿತಿ, ಬ್ರೆಡ್ಡಿಗಿಂತ ಬೇರೆಯಾದ ಉಳಿದ ಸಿಹಿ ಬೇಕರಿ ತಿಂಡಿಗೆ 15. ಹಬ್ಬಕ್ಕೆ ಅಂತ ಒಂದಿಷ್ಟು ರಿಯಾಯಿತಿ! ತೆಳ್ಳಗೆ ಪದರ ಪದರವಾಗಿ ಸುರುಳಿ ಸುತ್ತಿದ, ಕೈಯಲ್ಲೇ ಪುಡಿಯಾಗುವ ಸಿಲೋನ್ ಚಕ್ಕೆಯಲ್ಲಿ ಕೌಮರಿನ್ ತೀರಾ ಕಮ್ಮಿ. ಅದರ ಘಮ ಮೆದು, ಖಾರ ಇಲ್ಲ. ಮಕ್ಕಳು ಜಾಸ್ತಿ ತಿನ್ನುವ ಆರ್ಡರ್ ಇದ್ದರೆ ನಾನು ಅದನ್ನೇ ಬಳಸುತ್ತೇನೆ. ಎರಡಕ್ಕೂ ಬೇರೆ ಡಬ್ಬಿ, ಬೇರೆ ಚೀಟಿ. ಪುಡಿಯಾದ ಮೇಲೆ ನೋಡಿ ಹೇಳುವುದು ಕಷ್ಟ, ಮಧ್ಯಾಹ್ನದ ಮೂಗಿಗಂತೂ ಎರಡೂ ಒಂದೇ.