ಫಿಲ್ಟರ್ ಕೂತಿದೆ, ಆಯಿಲ್ ಮಾತ್ರ ಪಕ್ಕದಿಂದ ಹೋಗ್ತಿದೆ

ಅಂತೂ ಇಂತೂ ಫಿಲ್ಟರ್ ಕಪ್ಪಾಯಿತು! ಕೊಳೆ ನೋಡಿ ಇಷ್ಟು ಖುಷಿಪಡುವವರು ನಮ್ಮಂಥವರು ಮಾತ್ರ ಅಲ್ವಾ?

ಗಾಡಿ ನನ್ನ 1968ರ ಮಾರ್ಕ್ ಟು ಅಂಬಾಸಿಡರ್, ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ್ದು. 1489 ಸಿಸಿ ಪೆಟ್ರೋಲ್. ಬೋರಿಂಗ್, ರಿಂಗ್, ಬೇರಿಂಗ್, ಹೆಡ್ ಎಲ್ಲ ಮುಗಿದು ಎಂಜಿನ್ ಕೂತಾಗಿದೆ. ಅದರಲ್ಲಿ ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ. ತಲೆ ತಿಂದಿದ್ದು ರನ್ನಿಂಗ್ ಇನ್ (ಹೊಸದಾಗಿ ಕಟ್ಟಿದ ಎಂಜಿನ್ ಹೊಂದಿಕೊಳ್ಳಲಿ ಅಂತ ಮೊದಮೊದಲು ಹದವಾಗಿ ಓಡಿಸುವುದು) ಮುಗಿಸಿ ಮೊದಲ ಸಲ ಆಯಿಲ್ ಇಳಿಸಿದ ಮೇಲೆ. ಆಯಿಲ್ ಕಪ್ಪಗಿತ್ತು, ಸರಿ. ಡ್ರೇನ್ ಪ್ಲಗ್ಗಿಗೆ ಅಯಸ್ಕಾಂತ ಹಿಡಿದರೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿಕೊಂಡಿತು. ಹೊಸ ರಿಂಗು, ಹೊಸ ಬೋರು ಒಂದನ್ನೊಂದು ತಿಕ್ಕಿಕೊಂಡು ಹೊಂದಿಕೊಳ್ಳುವಾಗ ಅಷ್ಟು ಇದ್ದೇ ಇರುತ್ತದೆ. ಆದರೆ ಫಿಲ್ಟರ್ ಎಲಿಮೆಂಟನ್ನು, ಅಂದರೆ ಆಯಿಲ್ ಸೋಸುವ ಮಡಿಕೆ ಕಾಗದದ ಸುರುಳಿಯನ್ನು, ತಗಡು ಕತ್ತರಿಯಲ್ಲಿ ಸೀಳಿ ಮಡಿಕೆ ಬಿಡಿಸಿದರೆ, ಕಾಗದ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ಆಯಿಲ್‌ನಲ್ಲಿ ನೆಂದಿದೆ, ಕೊಳೆ ಇಲ್ಲ. ಪಕ್ಕದ ಗ್ಯಾರೇಜಿನವರು "ಎಂಜಿನ್ ಎಷ್ಟು ಕ್ಲೀನಾಗಿ ಕಟ್ಟಿದೀರಾ ಸಾರ್" ಅಂದರು. ಹೊಗಳಿಕೆಗೆ ಥ್ಯಾಂಕ್ಸ್. ಆದರೆ ಹೊಸದಾಗಿ ಕಟ್ಟಿದ ಎಂಜಿನ್ನಿನ ಮೊದಲ ಫಿಲ್ಟರ್ ಕ್ಲೀನಾಗಿದ್ದರೆ ಸಂತೋಷಪಡುವ ವಿಷಯವೇ ಅಲ್ಲ.

ಈ ಎಂಜಿನ್ನಿನಲ್ಲಿ ಈಗಿನ ಕಾರುಗಳ ಹಾಗೆ ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್ ಇಲ್ಲ. ಕಬ್ಬಿಣದ ಬೌಲ್, ಅದರೊಳಗೆ ಕಾಗದದ ಎಲಿಮೆಂಟ್, ನಟ್ಟನಡುವೆ ಒಂದು ಉದ್ದನೆಯ ಬೋಲ್ಟ್. ಪಂಪಿನಿಂದ ಬಂದ ಆಯಿಲ್ ಎಲಿಮೆಂಟಿನ ಹೊರಸುತ್ತಿಗೆ ಬರುತ್ತದೆ, ಕಾಗದ ದಾಟಿ ಒಳಗಿನ ಕೊಳವೆಗೆ ಇಳಿಯುತ್ತದೆ, ಅಲ್ಲಿಂದ ಬೇರಿಂಗುಗಳಿಗೆ. ಹೊರಗಿನಿಂದ ಒಳಕ್ಕೆ ಹೋಗಲು ಕಾಗದವೊಂದೇ ದಾರಿಯಾಗಿರಬೇಕು. ಎಲಿಮೆಂಟಿನ ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ಸಂದಿ ಇದ್ದರೆ ಆಯಿಲ್ ಕಷ್ಟಪಟ್ಟು ಕಾಗದದೊಳಗೆ ಯಾಕೆ ನುಸುಳುತ್ತದೆ? ಸಂದಿಯಲ್ಲೇ ಆರಾಮಾಗಿ ಹೋಗುತ್ತದೆ. ಹೊರಗೆ ಒಂದು ಹನಿ ಸೋರುವುದಿಲ್ಲ. ಪ್ರೆಷರ್ ಗೇಜ್ ಕೂಡ ಚೆನ್ನಾಗಿಯೇ ತೋರಿಸುತ್ತದೆ, ಯಾಕೆಂದರೆ ಅದಕ್ಕೆ ಬೇಕಾಗಿರುವುದು ಆಯಿಲ್ ಬರುವುದಷ್ಟೇ, ಸೋಸಿ ಬಂತೋ ಹಾಗೇ ಬಂತೋ ಅದಕ್ಕೇನು ಗೊತ್ತು?

ಮೊದಲು ಎಲಿಮೆಂಟಿನ ಮೇಲೇ ಅನುಮಾನ ಬಂತು. ಅದನ್ನು ಹುಡುಕಿದ ಕಥೆಯೇ ಬೇರೆ. ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಅಂದ ಕೂಡಲೇ "ಪೆಟ್ರೋಲಾ, ಡೀಸೆಲ್ಲಾ?" ಅಂತ ಕೇಳುತ್ತಾರೆ. ಪೆಟ್ರೋಲ್ ಅಂದರೂ ಡೀಸೆಲ್ಲಿನದೇ ಕೈಗೆ ಬರುತ್ತದೆ. 1489 ಸಿಸಿ ಅಂತ ಒತ್ತಿ ಹೇಳಿಯೂ ಪ್ರಯೋಜನವಿಲ್ಲ, ಆ ಹಳೆಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಡೀಸೆಲ್ಲೂ 1489 ಸಿಸಿಯೇ! ಶಿವಾಜಿನಗರದ ಗುಜರಿಯಲ್ಲಿ ಬೌಲ್ ಸಿಗುತ್ತದೆ, ಎಲಿಮೆಂಟ್ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಪುಣ್ಯಾತ್ಮ ಒಂದು ಫೋಟೋ ಹಾಕಿ ಇನ್ನೊಂದು ಮಾಲು ಕಳಿಸಿದ. ಕೇಳಿದರೆ "ಯೂನಿವರ್ಸಲ್ ಸಾರ್, ಎಲ್ಲದಕ್ಕೂ ಕೂರುತ್ತೆ" ಅಂದ. ಕೂರುತ್ತೆ, ನಿಜ. ಮೂರು ಮಿಲಿಮೀಟರ್ ಕುಳ್ಳಗೆ, ಬೌಲ್‌ನೊಳಗೆ ಗಡಗಡ ಅನ್ನುತ್ತಾ ಕೂರುತ್ತೆ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಇದು ಬಿಎಂಸಿಯ ಬಿ ಸೀರೀಸ್ ಎಂಜಿನ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಲ್ಲೂ ಇದೇ, ಎಂಜಿ ಕಂಪನಿಯ ಎಂಜಿಎ 1500 ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489 ಸಿಸಿ. ಹಾಗಾಗಿ ನಮ್ಮ ಅಂಗಡಿಗಳಲ್ಲಿ 'ಬರಲ್ಲ' ಅನ್ನಿಸಿಕೊಳ್ಳುವ ಎಷ್ಟೋ ಸಾಮಾನು ಇಂಗ್ಲೆಂಡಿನ ಎಂಜಿ ಸ್ಪೇರ್ಸ್‌ನವರ ಬಳಿ ಮಾಮೂಲಿಯಾಗಿ ಸಿಗುತ್ತದೆ. ಆದರೆ ಎಲಿಮೆಂಟಿಗಿಂತ ಕೊರಿಯರ್ ದುಬಾರಿ, ಅದರ ಮೇಲೆ ಕಸ್ಟಮ್ಸ್ ಬೇರೆ. ಅಳತೆ ಸರಿಯಾಗಿದ್ದ ಎಲಿಮೆಂಟ್ ಕೊನೆಗೆ ಬಂದದ್ದು ಕೋಲ್ಕತಾದ ಮಲ್ಲಿಕ್ ಬಜಾರಿನಿಂದ, ಅಲ್ಲಿರುವ ಗೆಳೆಯನ ಕೃಪೆಯಿಂದ. ಗಾಡಿ ಹುಟ್ಟಿದ ಉತ್ತರಪಾರಾ ಅಲ್ಲೇ ಹತ್ತಿರ ತಾನೇ.

ವರ್ನಿಯರ್ ಹಿಡಿದು ಉದ್ದ, ಹೊರ ಅಗಲ, ತೂತಿನ ಅಗಲ ನೋಡಿದೆ. ಎಲ್ಲ ಸರಿ. ಹಾಗಿದ್ದರೂ ಕೆಳಗಡೆ ಒತ್ತಿಕೊಳ್ಳುತ್ತಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ? ಲೇತ್‌ನವರು ಮಟ್ಟ ನೋಡಲು ಹಚ್ಚುವ ನೀಲಿ ಮನೆಯಲ್ಲಿರಲಿಲ್ಲ. ಕುಂಕುಮಕ್ಕೆ ಎಣ್ಣೆ ಕಲಸಿ ಎಲಿಮೆಂಟಿನ ಎರಡೂ ತುದಿಗೆ ತೆಳ್ಳಗೆ ಸವರಿದೆ. "ಏನ್ ಸಾರ್, ಫಿಲ್ಟರ್‌ಗೂ ಪೂಜೆನಾ?" ಅಂದ ಗ್ಯಾರೇಜ್ ಹುಡುಗ. ಬೌಲ್ ಕಟ್ಟಿ, ಬೋಲ್ಟ್ ಬಿಗಿ ಮಾಡಿ ಮತ್ತೆ ಬಿಚ್ಚಿದೆ. ಮೇಲ್ಗಡೆ ಪೂರ್ತಿ ದುಂಡಗೆ ಅಚ್ಚು ಬಿದ್ದಿತ್ತು. ಕೆಳಗಡೆ ಸ್ಪ್ರಿಂಗಿನ ಕೊನೆಯ ಸುತ್ತು ತಾಗಿದ ಕಡೆ ಮಾತ್ರ ಬಾಲಚಂದ್ರನಂಥ ಒಂದು ಗೀರು. ಉಳಿದ ಕುಂಕುಮ ಹಚ್ಚಿದ ಹಾಗೇ ಇತ್ತು.

ಕಳ್ಳ ಸಿಕ್ಕಿದ. ಬೌಲ್‌ನ ತಳದಲ್ಲಿ ಬೋಲ್ಟಿಗೆ ಸ್ಪ್ರಿಂಗ್, ಅದರ ಮೇಲೆ ಸ್ಟೀಲ್ ವಾಷರ್, ಅದರ ಮೇಲೆ ಫೆಲ್ಟ್ (ಒತ್ತಿದ ಉಣ್ಣೆ) ವಾಷರ್, ಆಮೇಲೆ ಎಲಿಮೆಂಟಿನ ಬುಡ ಕೂರುವ ತಟ್ಟೆ, ಇವೆಲ್ಲ ಬಿದ್ದುಹೋಗದಂತೆ ಒಂದು ಸರ್ಕ್ಲಿಪ್, ಅಂದರೆ ಬಾಯಿ ತೆರೆದ ಸ್ಪ್ರಿಂಗ್ ಬಳೆ. ಇರಬೇಕಾದದ್ದು ಇಷ್ಟು. ನನ್ನ ಬೌಲ್‌ನಲ್ಲಿ ಇದ್ದದ್ದು ಬರೀ ಸ್ಪ್ರಿಂಗ್! ಹಿಂದೆ ಯಾವುದೋ ಕಾಲದಲ್ಲಿ ಸರ್ಕ್ಲಿಪ್ ಹಾರಿಹೋಗಿದೆ. ತಟ್ಟೆ, ವಾಷರ್ ಎರಡೂ ಹಳೆಯ ಎಲಿಮೆಂಟಿನ ಬುಡಕ್ಕೆ ಜಿಡ್ಡಿನಲ್ಲಿ ಅಂಟಿಕೊಂಡು ಅದರ ಜೊತೆಗೇ ಕಸದ ಬುಟ್ಟಿ ಸೇರಿವೆ. ಎಷ್ಟು ವರ್ಷ ಈ ಎಂಜಿನ್ ಸೋಸದ ಆಯಿಲ್ ಕುಡಿದಿದೆಯೋ ದೇವರೇ ಬಲ್ಲ. ಹಳೆಯ ಬಿಗ್ ಎಂಡ್ ಬೇರಿಂಗುಗಳು (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯವು) ಯಾಕೆ ಹಾಗೆ ಗೆರೆ ಗೆರೆ ಬಿದ್ದಿದ್ದವು ಅಂತ ಈಗ ಅರ್ಥವಾಯಿತು.

ಫೆಲ್ಟ್ ವಾಷರ್ ಚಿಕ್ಕದು, ಆದರೆ ಅಸಲಿ ಕೆಲಸ ಅದರದೇ. ತಟ್ಟೆ ಎಲಿಮೆಂಟಿನ ಬುಡವನ್ನು ಮುಚ್ಚುತ್ತದೆ, ಸರಿ. ತಟ್ಟೆಗೂ ಬೋಲ್ಟಿಗೂ ನಡುವೆ ಸಂದಿ ಇದ್ದೇ ಇರುತ್ತದಲ್ಲ? ಅದನ್ನು ಮುಚ್ಚುವುದು ಈ ವಾಷರ್. ತಟ್ಟೆ ಮತ್ತು ಸ್ಟೀಲ್ ವಾಷರನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಇಷ್ಟು ಸಣ್ಣ ಕೆಲಸಕ್ಕೆ ಮುಖ ಸಿಂಡರಿಸುತ್ತಾರೆ ಅಂದುಕೊಂಡಿದ್ದೆ. ಅಂಬಾಸಿಡರ್ ಅಂದ ಕೂಡಲೇ ಯಜಮಾನರು ತಮ್ಮ ಕಾಲದ ಟ್ಯಾಕ್ಸಿ ಕಥೆ ಶುರು ಮಾಡಿ, ಕೆಲಸ ತಾವೇ ಮಾಡಿಕೊಟ್ಟರು. ಫೆಲ್ಟ್ ಮನೆಯಲ್ಲೇ ಕತ್ತರಿಸಿದೆ. ತೂತು ಬೋಲ್ಟಿಗಿಂತ ಅರ್ಧ ನೂಲು ಚಿಕ್ಕದಿರಲಿ, ಒತ್ತಿ ತೂರಿಸುವ ಹಾಗಿರಬೇಕು. ಸಡಿಲವಾದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಬೌಲ್‌ನ ಬಾಯಿಗೆ ಬರುವ ರಬ್ಬರ್ ರಿಂಗಿನ ಬಗ್ಗೆ ಎರಡು ಮಾತು. ಹಳೆಯ ರಿಂಗ್ ಮೇಲಿನ ತೋಡಿನಲ್ಲಿ ಕಬ್ಬಿಣದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ, ನೋಡಿದರೆ ರಿಂಗ್ ಅಂತಲೇ ಅನ್ನಿಸುವುದಿಲ್ಲ. ಅದರ ಮೇಲೆ ಹೊಸದನ್ನು ಕೂರಿಸಿದರೆ ಗ್ಯಾರೇಜ್ ತುಂಬಾ ಆಯಿಲ್. ದಬ್ಬಣದಲ್ಲಿ ಕಿತ್ತು ತೆಗೆಯಿರಿ. ಹೊಸ ರಿಂಗ್ ನೈಟ್ರೈಲ್ ರಬ್ಬರಿನದೇ ಆಗಬೇಕು. ಅಂಗಡಿಯವರು ಎಲ್ಲದಕ್ಕೂ ನೈಟ್ರೈಲ್ ಅಂತಲೇ ಹೇಳುತ್ತಾರೆ. ಒಂದು ಜಾಸ್ತಿ ತಂದು, ತುಂಡು ಮಾಡಿ ಬಿಸಿ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಸಾದಾ ರಬ್ಬರ್ ಆದರೆ ಬೆಳಗ್ಗೆ ಊದಿಕೊಂಡು ಮೆತ್ತಗಾಗಿರುತ್ತದೆ.

ಇಷ್ಟೆಲ್ಲ ಯಾಕೆ, ಅಡಾಪ್ಟರ್ ಹಾಕಿ ಡಬ್ಬಿ ಫಿಲ್ಟರ್ ಕೂರಿಸಬಹುದಲ್ಲ ಅನ್ನುವವರಿದ್ದಾರೆ. ದಿನಾ ಓಡಿಸುವ ಗಾಡಿಯಾದರೆ ಖಂಡಿತ ಹಾಕಿ, ನಾನೂ ಬೇಡ ಅನ್ನಲ್ಲ. ಥ್ರೆಡ್ ಮಾತ್ರ ನೋಡಿಕೊಳ್ಳಿ. ಮುಕ್ಕಾಲು ಇಂಚು ದಪ್ಪದ, ಇಂಚಿಗೆ ಹದಿನಾರು ಥ್ರೆಡ್ಡಿನ ಸ್ಟಡ್ಡಿಗೆ 20 ಮಿ.ಮೀ., 1.5 ಪಿಚ್ಚಿನ ಫಿಲ್ಟರ್ ಸುಮ್ನೆ ಕೈಯಲ್ಲೇ ತಿರುಗಿ ಹೋಗುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಿ ಪ್ರೆಷರ್ ಏರಿದಾಗ ಗೊತ್ತಾಗುತ್ತದೆ ಎಷ್ಟು ಬಿಗಿ ಅಂತ.

ಈ ಜಂಜಾಟದ ಮಧ್ಯೆ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ನೋಡಿಕೊಂಡು ಬಂದೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯದೇ, 1996ರಲ್ಲಿ ಬಾಗಿಲು ಹಾಕಿತಲ್ಲ, ಅದರದು. ಟ್ಯಾಂಕ್ ತುಕ್ಕು, ಸೈಲೆನ್ಸರ್ ಒಂದೇ ಇದೆ, ಮಾಲೀಕರು ಹೇಳುವ ರೇಟು ಕೇಳಿದರೆ ಎರಡೂ ಚಿನ್ನದ್ದಿರಬೇಕು. ಆದರೂ ಮನಸ್ಸು ಅಲ್ಲೇ ಇದೆ. ಟೂ ಸ್ಟ್ರೋಕು, ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಹಾಕುವುದು. ಆಯಿಲ್ ಫಿಲ್ಟರ್ ಅನ್ನುವ ವಸ್ತುವೇ ಇಲ್ಲ! ಮನೆಯಲ್ಲಿ ಇನ್ನೂ ಹೇಳಿಲ್ಲ.

ತಟ್ಟೆ, ಫೆಲ್ಟ್, ಸರ್ಕ್ಲಿಪ್ ಎಲ್ಲ ಕೂರಿಸಿ ಮತ್ತೆ ಕುಂಕುಮ ಪರೀಕ್ಷೆ ಮಾಡಿದೆ. ಈ ಸಲ ಕೆಳಗೂ ಪೂರ್ತಿ ವೃತ್ತ. ಮೈಸೂರಿಗೆ ಹೋಗಿ ಬಂದ ಮೇಲೆ ಎಲಿಮೆಂಟ್ ಸೀಳಿದರೆ ಮಡಿಕೆಗಳ ಹೊರಮೈ ಕಾಡಿಗೆ, ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿಣಮಿಣ. ಒಳಮೈ ತಿಳಿ. ಗೇಜಿನ ಮುಳ್ಳು ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ ಇದೆ.

ಇನ್ನು ಉಳಿದದ್ದು ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗೂಡು) ಕೆಳಗೆ ತೊಟ್ಟಿಕ್ಕುವ ಆಯಿಲ್. ಕ್ರ್ಯಾಂಕಿನ ಹಿಂದೆ ಇದಕ್ಕೆ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಒಳಕ್ಕೆ ವಾಪಸ್ ದೂಡುವ, ತಿರುಪಿನಂಥ ಒಂದು ಥ್ರೆಡ್ ಅಷ್ಟೇ. ಸೋರುತ್ತದೆ ಅಂತ ಮಾಡಿದವರಿಗೇ ಗೊತ್ತಿತ್ತು. ಅದಕ್ಕೇ ಕೆಳಗೆ ತೂತು ಕೊಟ್ಟು, ಅದು ಕಟ್ಟಿಕೊಳ್ಳದಿರಲಿ ಅಂತ ಒಂದು ಸ್ಪ್ಲಿಟ್ ಪಿನ್ ಬೇರೆ ನೇತುಹಾಕಿದ್ದಾರೆ. ಗೇರ್‌ಬಾಕ್ಸ್ ಇಳಿಸದೆ ಅದಕ್ಕೆ ಕೈ ಹಾಕುವ ಹಾಗಿಲ್ಲ. ಮಳೆಗಾಲ ಮುಗಿಯಲಿ, ಅಲ್ಲಿಯವರೆಗೆ ಕೆಳಗೆ ಟ್ರೇ ಇಟ್ಟಿದ್ದೇನೆ.