ಗೋಡೆ ಮೇಲಿನ ಹಳದಿ

ಇಂಗ್ಲೆಂಡಿನಲ್ಲಿ ಹಳೇ ಕಲ್ಲಿನ ಗೋಡೆ, ಹೆಂಚು, ಮರದ ರೆಂಬೆ ಎಲ್ಲಿ ನೋಡಿದರೂ ಅರಿಶಿನ ಬಳಿದ ಹಾಗೆ ಹಬ್ಬಿರುವ ಒಂದು ಲೈಕೆನ್ ಇದೆ: ಕ್ಸಾಂಥೋರಿಯಾ ಪರಿಯೆಟಿನಾ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನಂತೆ ಇದೂ ಶಿಲೀಂಧ್ರ, ಪಾಚಿ ಎರಡೂ ಕೂಡಿ ಬಾಳುವ ಜೀವ.

ಬಣ್ಣವೊಂದನ್ನೇ ನಂಬಿ ಗುರುತಿಸಲಾಗದು. ಬಿಸಿಲಲ್ಲಿ ಕಿತ್ತಳೆಯಾಗಿರುವ ಇದು ನೆರಳಲ್ಲಿ ಹಸಿರುಬೂದು. ಕಿತ್ತಳೆ ಬಣ್ಣ ಕೊಡುವ ಪರಿಯೆಟಿನ್ ಎಂಬ ವಸ್ತು ಒಳಗಿನ ಪಾಚಿಯನ್ನು ಬಿರುಬಿಸಿಲಿನಿಂದ ಕಾಯುತ್ತದೆ. ಬಿಸಿಲಿಲ್ಲದ ಕಡೆ ಅದರ ಅಗತ್ಯವೂ ಕಡಿಮೆ. ಹಾಗಾಗಿ ಲೆನ್ಸ್ ಹಿಡಿದು ಅಂಚು ನೋಡಬೇಕು. ಇವತ್ತು ನೋಡಿದ್ದರಲ್ಲಿ ಎಸಳುಗಳು ಅಗಲವಾಗಿ, ತುದಿಯಲ್ಲಿ ದುಂಡಗೆ ಸುಕ್ಕುಗಟ್ಟಿದ್ದವು. ಉಗುರಿನಿಂದ ಮೆಲ್ಲಗೆ ಎತ್ತಿದರೆ ಅಡಿಭಾಗ ಬಿಳಿ. ನಡುವೆ ಒತ್ತೊತ್ತಾಗಿ ಪುಟಾಣಿ ಕಿತ್ತಳೆ ಬಟ್ಟಲುಗಳು. ಶಿಲೀಂಧ್ರದ ಬೀಜಕಣಗಳು ಹುಟ್ಟುವುದು ಅಲ್ಲೇ. ಪಕ್ಕದಲ್ಲಿದ್ದ ಕ್ಯಾಲೋಪ್ಲಾಕಾ ಎಂಬ ಇನ್ನೊಂದು ಲೈಕೆನ್ ಕಲ್ಲಿಗೇ ಅಂಟಿಕೊಂಡಿತ್ತು, ಎತ್ತಲು ಎಸಳೇ ಇಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟರೆ ಕ್ಸಾಂಥೋರಿಯಾ ಕಣ್ಣೆದುರೇ ನೇರಳೆಗೆಂಪಾಗುತ್ತದೆ. ಎಷ್ಟು ಸಲ ನೋಡಿದರೂ ಸಾಲದು!

ಲೈಕೆನ್ ಇದ್ದರೆ ಗಾಳಿ ಶುದ್ಧ ಎನ್ನುವ ಮಾತಿದೆ. ಈ ಜಾತಿಗೆ ಅದು ಒಪ್ಪುವುದಿಲ್ಲ. ದನದ ಕೊಟ್ಟಿಗೆ, ಗೊಬ್ಬರ ಹಾಕಿದ ಹೊಲಗಳಿಂದ ಏಳುವ ಅಮೋನಿಯಾ ಇದಕ್ಕೆ ಊಟ. ಅದೇ ಅಮೋನಿಯಾ ತಾಳಲಾರದೆ ಮರದ ತೊಗಟೆಯ ನಾಜೂಕು ಲೈಕೆನ್‌ಗಳು ಕಣ್ಮರೆಯಾದ ಜಾಗದಲ್ಲಿ ಇದು ಹಬ್ಬುತ್ತದೆ. ಹಾಗಾಗಿ ರೆಂಬೆ ತುಂಬ ಈ ಹಳದಿ ಕಂಡಾಗ ಖುಷಿಯ ಜೊತೆಗೇ, ಇಲ್ಲಿ ಮೊದಲು ಯಾವುದಿತ್ತೋ ಎಂದು ಸಂಕಟವಾಗುತ್ತದೆ.